ಅಮ್ಮನ ಹರಳುಪ್ಪು, ಅಕ್ಕನ ಪಿಂಕ್ ಸಾಲ್ಟ್ ಮತ್ತು ಐವತ್ತು ಪೈಸೆಯ ಪರೀಕ್ಷೆ: ಅಯೋಡಿನ್ ಬಗ್ಗೆ ತಿಳಿದಿರಬೇಕಾದ್ದು

ಕಳೆದ ವರ್ಷ ಬೇಸಿಗೆಯಲ್ಲಿ ಅಕ್ಕ ಮೂರು ತಿಂಗಳ ಬಸುರಿ. ಬೆಂಗಳೂರಿನ ಬಿಸಿಲು, ವಾಂತಿ, ಆಫೀಸು ಎಲ್ಲದರಿಂದ ಸುಸ್ತಾಗಿ ಹದಿನೈದು ದಿನ ಇದ್ದು ಹೋಗ್ತೀನಿ ಅಂತ ಊರಿಗೆ ಬಂದಿದ್ದಳು. ನಮ್ಮೂರು ಚಿಕ್ಕಮಗಳೂರು ಜಿಲ್ಲೆಯ ಮಲೆನಾಡಿನ ಒಂದು ಮೂಲೆ. ನಾನೂ ಎರಡು ದಿನ ರಜೆ ಹಾಕಿ ಹೋಗಿದ್ದೆ. ಅಡುಗೆಮನೆಯಲ್ಲಿ ಸಾರಿಗೆ ಉಪ್ಪು ಹಾಕಲು ಡಬ್ಬಿ ತೆಗೆದರೆ ಒಳಗೆ ಪುಡಿ ಉಪ್ಪಿಲ್ಲ, ಬೂದು ಬಣ್ಣದ ಹರಳುಪ್ಪು. "ಪ್ಯಾಕೆಟ್ ಉಪ್ಪಲ್ಲಿ ಬರೀ ಕೆಮಿಕಲ್ ಅಂತೆ ಕಣೇ, ಥೈರಾಯ್ಡ್ ಬರೋದೇ ಅದರಿಂದಂತೆ. ವಿಡಿಯೋ ಬಂದಿತ್ತು" ಅಂದರು ಅಮ್ಮ. ಅಕ್ಕ ನಕ್ಕು, "ನಾವೂ ಪ್ಯಾಕೆಟ್ ಉಪ್ಪು ಬಿಟ್ಟು ಒಂದು ವರ್ಷ ಆಯ್ತು. ಪಿಂಕ್ ಸಾಲ್ಟ್ ತರ್ತೀವಿ. ಅದರಲ್ಲಿ ಎಂಬತ್ತನಾಲ್ಕು ಮಿನರಲ್ ಇದೆಯಂತೆ" ಅಂದಳು.

ನನಗೆ ತಕ್ಷಣ ಕಣ್ಣಿಗೆ ಬಿದ್ದಿದ್ದು ನಡುಮನೆಯ ಗೋಡೆಯ ಮೇಲಿನ ಫೋಟೋ. ಅಜ್ಜಿಯ ಅಕ್ಕ, ಅಂದರೆ ನಮ್ಮ ದೊಡ್ಡಜ್ಜಿ. ಯಾವ ಫೋಟೋದಲ್ಲೂ ಅವರು ಸೆರಗನ್ನು ಕುತ್ತಿಗೆ ಸುತ್ತ ಹೊದ್ದೇ ಕೂತಿರೋದು. ಸೆರಗಿನ ಕೆಳಗೆ ನಿಂಬೆಹಣ್ಣಿಗಿಂತ ದೊಡ್ಡದಾದ ಒಂದು ಗಂಟು ಇತ್ತು. ಗಳಗಂಡ. ಮನೆಯಲ್ಲಿ ಯಾರೂ ಅದನ್ನ ಕಾಯಿಲೆ ಅಂತ ಕರೆದಿದ್ದೇ ಇಲ್ಲ, "ಆ ಕಾಲದಲ್ಲಿ ಸುಮಾರು ಜನಕ್ಕೆ ಹಂಗೇ ಇರ್ತಿತ್ತು" ಅನ್ನೋರು. ಆ ಕಾಲ ಹೇಗೆ ಮುಗೀತು, ಯಾರು ಮುಗಿಸಿದರು, ಈಗ ಅದೇ ಕಾಲವನ್ನ ನಾವೇ ದುಡ್ಡು ಕೊಟ್ಟು ಮನೆಗೆ ವಾಪಸ್ ಕರೀತಿದೀವಾ ಅನ್ನೋದು ಈ ಲೇಖನದ ವಿಷಯ.

ಜೀವಮಾನಕ್ಕೆ ಒಂದು ಚಮಚವೂ ಬೇಡ

ಮೊದಲು ಲೆಕ್ಕ. ದೊಡ್ಡವರೊಬ್ಬರಿಗೆ ದಿನಕ್ಕೆ ಬೇಕಿರೋ ಅಯೋಡಿನ್ 150 ಮೈಕ್ರೋಗ್ರಾಂ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಂದು ಗ್ರಾಂನ ಹತ್ತು ಲಕ್ಷದ ಒಂದು ಭಾಗ ಒಂದು ಮೈಕ್ರೋಗ್ರಾಂ. ಎಪ್ಪತ್ತು ವರ್ಷ ಬದುಕಿದರೂ ಒಟ್ಟು ನಾಲ್ಕು ಗ್ರಾಂ ಮುಟ್ಟುವುದಿಲ್ಲ. ಆದರೆ ಈ ನಾಲ್ಕು ಗ್ರಾಂ ಒಟ್ಟಿಗೆ ತಿಂದು ಮುಗಿಸೋ ಹಾಗಿಲ್ಲ. ದಿನದಿನವೂ ಚೂರು ಚೂರೇ ಬರಬೇಕು. 5 ವರ್ಷದೊಳಗಿನ ಮಕ್ಕಳಿಗೆ 90 ಮೈಕ್ರೋಗ್ರಾಂ, 6ರಿಂದ 12 ವರ್ಷದವರಿಗೆ 120. ಬಸುರಿ ಮತ್ತು ಬಾಣಂತಿಯರಿಗೆ 250. ಈ ಕೊನೆಯ ಸಂಖ್ಯೆಯನ್ನ ನೆನಪಿಟ್ಟುಕೊಳ್ಳಿ.

ಕುತ್ತಿಗೆಯ ಮುಂಭಾಗದಲ್ಲಿ, ಚಿಟ್ಟೆ ರೆಕ್ಕೆ ಬಿಚ್ಚಿದಂತೆ ಕೂತಿರೋ ಥೈರಾಯ್ಡ್ ಗ್ರಂಥಿಗೆ ಈ ಅಯೋಡಿನ್ ಕಚ್ಚಾವಸ್ತು. ದೇಹದಲ್ಲಿರೋ ಅಯೋಡಿನ್ ಒಟ್ಟು 15ರಿಂದ 20 ಮಿಲಿಗ್ರಾಂ, ಅದರ ಮುಕ್ಕಾಲು ಭಾಗ ಈ ಒಂದೇ ಗ್ರಂಥಿಯಲ್ಲಿ. ಅಲ್ಲಿ ತಯಾರಾಗೋ ಹಾರ್ಮೋನಿನ ಹೆಸರಲ್ಲೇ ಲೆಕ್ಕ ಇದೆ: ಟಿ4 ಅಂದರೆ ನಾಲ್ಕು ಅಯೋಡಿನ್ ಪರಮಾಣು ಇರೋದು, ಟಿ3 ಅಂದರೆ ಮೂರು. ಮೈ ಎಷ್ಟು ಬಿಸಿ ಇರಬೇಕು, ಹೃದಯ ಎಷ್ಟು ವೇಗದಲ್ಲಿ ಬಡಿಯಬೇಕು, ತಿಂದದ್ದು ಎಷ್ಟು ಬೇಗ ಕರಗಬೇಕು, ಮುಟ್ಟು ಸರಿಯಾಗಿ ಆಗಬೇಕೋ ಬೇಡವೋ, ಮಗುವಿನ ಎಲುಬು ಎಷ್ಟು ಬೆಳೆಯಬೇಕು, ಇವೆಲ್ಲದರಲ್ಲೂ ಈ ಹಾರ್ಮೋನಿನ ಕೈವಾಡ ಇದೆ.

ಅಯೋಡಿನ್ ಸಾಲದಿದ್ದಾಗ ಏನಾಗುತ್ತೆ? ರಕ್ತದಲ್ಲಿ ಹಾರ್ಮೋನು ಕಮ್ಮಿಯಾಗಿದ್ದನ್ನ ಮೆದುಳಿನ ಕೆಳಗಿರೋ ಪಿಟ್ಯುಟರಿ ಗ್ರಂಥಿ ಗಮನಿಸಿ, ಟಿಎಸ್‌ಎಚ್ ಅನ್ನೋ ಇನ್ನೊಂದು ಹಾರ್ಮೋನು ಕಳಿಸಿ "ಕೆಲಸ ಮಾಡು" ಅಂತ ಥೈರಾಯ್ಡಿಗೆ ಒತ್ತಡ ಹಾಕುತ್ತೆ. ಲ್ಯಾಬ್ ರಿಪೋರ್ಟಿನಲ್ಲಿ ನಾವು ನೋಡಿ ಹೆದರೋದು ಇದೇ ಸಂಖ್ಯೆಗೆ. ಕಚ್ಚಾವಸ್ತುವೇ ಇಲ್ಲದ ಗ್ರಂಥಿ ಏನು ಮಾಡೀತು? ಸಿಕ್ಕಿದ್ದಷ್ಟನ್ನಾದರೂ ಹಿಡಿದಿಟ್ಟುಕೊಳ್ಳೋಣ ಅಂತ ದೊಡ್ಡದಾಗುತ್ತಾ ಹೋಗುತ್ತೆ. ದೊಡ್ಡಜ್ಜಿಯ ಕುತ್ತಿಗೆಯ ಗಂಟು ಅದು.

ನಿಜವಾದ ಹಾನಿ ಗಂಟಿನದಲ್ಲ. ಬಸಿರಿನ ಮೊದಲ ಮೂರು ತಿಂಗಳು ಭ್ರೂಣಕ್ಕೆ ತನ್ನದೇ ಆದ ಥೈರಾಯ್ಡ್ ಹಾರ್ಮೋನು ಇರುವುದಿಲ್ಲ. ಮೆದುಳು ಕಟ್ಟಿಕೊಳ್ಳೋ ಆ ಹೊತ್ತಿನಲ್ಲಿ ಅದು ಪೂರ್ತಿ ಅವಲಂಬಿಸಿರೋದು ತಾಯಿಯ ರಕ್ತದಲ್ಲಿರೋ ಟಿ4 ಮೇಲೆ. ತಾಯಿಗೇ ಅಯೋಡಿನ್ ಇಲ್ಲವೆಂದರೆ ಗರ್ಭಪಾತ, ಸತ್ತು ಹುಟ್ಟುವ ಮಗು, ಇಲ್ಲವೇ ಕಿವಿ ಕೇಳದ, ಮಾತು ಬಾರದ, ಬುದ್ಧಿ ಬೆಳೆಯದ ಮಗು. ಇದು ಕೊರತೆ ತೀವ್ರವಾಗಿರುವಲ್ಲಿ. ಕೊರತೆ ಅಷ್ಟು ತೀವ್ರವಲ್ಲದ ಕಡೆ ಕಣ್ಣಿಗೆ ಏನೂ ಕಾಣುವುದಿಲ್ಲ. ಮಗು ಚೆನ್ನಾಗೇ ಇರುತ್ತೆ, ಶಾಲೆಯಲ್ಲಿ ಸ್ವಲ್ಪ ಹಿಂದೆ, ಅಷ್ಟೇ. ಅಯೋಡಿನ್ ಕೊರತೆ ಇರೋ ಪ್ರದೇಶದ ಮಕ್ಕಳನ್ನ ಇಲ್ಲದ ಪ್ರದೇಶದವರ ಜೊತೆ ಹೋಲಿಸಿದ ಬೇರೆ ಬೇರೆ ಅಧ್ಯಯನಗಳನ್ನ ಒಟ್ಟು ಸೇರಿಸಿ ನೋಡಿದವರಿಗೆ ಬುದ್ಧಿಮತ್ತೆಯಲ್ಲಿ ಸರಾಸರಿ 7ರಿಂದ 13 ಅಂಕಗಳ ವ್ಯತ್ಯಾಸ ಕಂಡಿದೆ. ಹಳ್ಳಿಯ ಸರ್ಕಾರಿ ಶಾಲೆಯ ಹುಡುಗನಿಗೆ "ಇವನ ತಲೆಗೆ ಹತ್ತಲ್ಲ" ಅಂತ ಮೇಷ್ಟ್ರು ಬೈದರೆ, ಅದರ ಹಿಂದೆ ಉಪ್ಪು ಇರಬಹುದು ಅಂತ ಯಾರು ಯೋಚಿಸ್ತಾರೆ? ತಪ್ಪಿಸಬಹುದಾದ ಮೆದುಳಿನ ಹಾನಿಗೆ ಜಗತ್ತಿನಲ್ಲೇ ಅತಿ ದೊಡ್ಡ ಕಾರಣ ಅಯೋಡಿನ್ ಕೊರತೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಾ ಬಂದಿರೋದು ಇದಕ್ಕೇ.

ಮಣ್ಣಿನಲ್ಲೇ ಇಲ್ಲ

"ನಮ್ಮ ಹಿರಿಯರು ಯಾವ ಅಯೋಡಿನ್ ಉಪ್ಪು ತಿಂದಿದ್ರು?" ಅನ್ನೋದು ಫ್ಯಾಮಿಲಿ ಗ್ರೂಪುಗಳ ಮೆಚ್ಚಿನ ಪ್ರಶ್ನೆ. ತಿಂದಿರಲಿಲ್ಲ, ಅದಕ್ಕೇ ಗಳಗಂಡ ಇತ್ತು. ಹಿಮನದಿ, ಮಳೆ, ಪ್ರವಾಹಗಳು ಸಾವಿರಾರು ವರ್ಷ ಮೇಲ್ಮಣ್ಣನ್ನ ತೊಳೆದಾಗ ಅಯೋಡಿನ್ ಕೂಡ ತೊಳೆದು ಸಮುದ್ರ ಸೇರಿತು. ಅಂಥ ಮಣ್ಣಲ್ಲಿ ಬೆಳೆದ ಅಕ್ಕಿ, ರಾಗಿ, ಸೊಪ್ಪು ಯಾವುದರಲ್ಲೂ ಅದು ಇರುವುದಿಲ್ಲ. ಗೊಬ್ಬರ ಎಷ್ಟೇ ಸಾವಯವ ಆಗಿದ್ದರೂ ಅಷ್ಟೇ. ಹಿಮಾಲಯದ ತಪ್ಪಲು, ಗಂಗಾ ಬಯಲು ಇದಕ್ಕೆ ಕುಖ್ಯಾತವಾಗಿದ್ದವು. ಸಮುದ್ರ ಹತ್ತಿರ ಇರೋರಿಗೆ ತೊಂದರೆ ಇಲ್ಲ ಅಂತ ಬಹಳ ಕಾಲ ನಂಬಿದ್ದರು. ಆಮೇಲೆ ಒಂದೊಂದೇ ಜಿಲ್ಲೆ ಸರ್ವೆ ಮಾಡುತ್ತಾ ಹೋದಾಗ ಗೊತ್ತಾಯಿತು, ಇದು ಬೆಟ್ಟದವರ ಕಾಯಿಲೆ ಮಾತ್ರ ಅಲ್ಲ. ಕೇಂದ್ರ ಸರ್ಕಾರದ ಲೆಕ್ಕದಲ್ಲಿ ಸರ್ವೆ ನಡೆದ 414 ಜಿಲ್ಲೆಗಳ ಪೈಕಿ 337ರಲ್ಲಿ ಅಯೋಡಿನ್ ಕೊರತೆಯ ಕಾಯಿಲೆಗಳು ಪಿಡುಗಿನ ಮಟ್ಟದಲ್ಲಿದ್ದವು. ಯಾವ ರಾಜ್ಯವೂ ಹೊರಗಿಲ್ಲ. ನಮ್ಮ ಜಿಲ್ಲೆಯಂತೂ ಹಳೆಯ ಗಿರಾಕಿ.

ಇಲ್ಲಿ ಒಂದು ತಮಾಷೆ ಇದೆ. ತೊಳೆದುಹೋದ ಅಯೋಡಿನ್ ಎಲ್ಲ ಸಮುದ್ರದಲ್ಲಿದೆ ಅಂದಮೇಲೆ ಸಮುದ್ರದ ಉಪ್ಪಲ್ಲಿ ಇರಲೇಬೇಕಲ್ವಾ? ಇಲ್ಲ. ಉಪ್ಪಿನ ಗದ್ದೆಯಲ್ಲಿ ನೀರು ಆವಿಯಾಗಿ ಹರಳು ಕಟ್ಟೋ ಹೊತ್ತಿಗೆ ಉಳಿಯೋದು ಲೆಕ್ಕಕ್ಕೆ ಸಿಗದಷ್ಟು. ಮೀನು, ಸಿಗಡಿ, ಸಮುದ್ರದ ಪಾಚಿಯಲ್ಲಿದೆ. ಹಾಲು, ಮೊಟ್ಟೆಯಲ್ಲಿ ಹಸು, ಕೋಳಿ ತಿಂದದ್ದನ್ನ ಅವಲಂಬಿಸಿ ಸ್ವಲ್ಪ. ಹರಳುಪ್ಪಿನಲ್ಲಿ ಇಲ್ಲ. ಪಾಕಿಸ್ತಾನದ ಖೇವ್ರಾ ಗಣಿಯಿಂದ ಬಂದು "ಹಿಮಾಲಯನ್" ಅಂತ ಹೆಸರಿಟ್ಟುಕೊಳ್ಳೋ ಗುಲಾಬಿ ಉಪ್ಪಿನಲ್ಲೂ ಇಲ್ಲ. ಅದರ ಬಣ್ಣ ಕಬ್ಬಿಣದ ಅಂಶದ್ದು, ಅದೂ ರಕ್ತಹೀನತೆಗೆ ಯಾವ ಪ್ರಯೋಜನಕ್ಕೂ ಬಾರದಷ್ಟು ಕಡಿಮೆ.

ಕಾಂಗ್ರಾ ಕಣಿವೆಯ ಮೂರು ಭಾಗ

ಅಯೋಡಿನ್ ಪತ್ತೆಯಾಗಿದ್ದು ಯುದ್ಧದ ದೆಸೆಯಿಂದ. ನೆಪೋಲಿಯನ್ ಕಾಲದ ಫ್ರಾನ್ಸಿನಲ್ಲಿ ಮದ್ದಿಗೆ ಬೇಕಾದ ಪೆಟ್ಲುಪ್ಪು ತಯಾರಿಸುತ್ತಿದ್ದ ಬರ್ನಾರ್ಡ್ ಕೂರ್ಟ್ವಾ 1811ರಲ್ಲಿ ಸಮುದ್ರಪಾಚಿಯ ಬೂದಿಗೆ ಆಮ್ಲ ಜಾಸ್ತಿ ಸುರಿದಾಗ ನೇರಳೆ ಹೊಗೆ ಎದ್ದಿತು. 1820ರಲ್ಲಿ ಜಿನೀವಾದ ವೈದ್ಯ ಕ್ವಾಂಡೆ ಗಳಗಂಡಕ್ಕೆ ಅದನ್ನ ಔಷಧಿಯಾಗಿ ಕೊಟ್ಟ. ಡೋಸು ವಿಪರೀತವಾಗಿ ಕೆಲವರಿಗೆ ಕಾಯಿಲೆ ಹೆಚ್ಚಾಗಿ ಔಷಧಿಗೇ ಕೆಟ್ಟ ಹೆಸರು ಬಂತು. ಅಯೋಡಿನ್ ಮೇಲಿನ ಅನುಮಾನಕ್ಕೆ ಇನ್ನೂರು ವರ್ಷದ ಇತಿಹಾಸ ಇದೆ, ವಾಟ್ಸಪ್ ಹುಟ್ಟುಹಾಕಿದ್ದಲ್ಲ. ಕೊನೆಗೆ 1922ರಲ್ಲಿ ಸ್ವಿಟ್ಜರ್ಲೆಂಡ್, 1924ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯ ಉಪ್ಪಿಗೆ ಚಿಟಿಕೆ ಅಯೋಡಿನ್ ಬೆರೆಸೋ ದಾರಿ ಹಿಡಿದವು.

ಉಪ್ಪೇ ಯಾಕೆ? ಬಡವ ಶ್ರೀಮಂತ ಅನ್ನದೆ ಎಲ್ಲರೂ ತಿಂತಾರೆ, ದಿನಾ ತಿಂತಾರೆ, ಹೆಚ್ಚೂಕಮ್ಮಿ ಒಂದೇ ಪ್ರಮಾಣದಲ್ಲಿ ತಿಂತಾರೆ. ತಯಾರಾಗೋದು ಕೆಲವೇ ಜಾಗದಲ್ಲಿ. ರುಚಿ, ಬಣ್ಣ ಬದಲಾಗುವುದಿಲ್ಲ. ಖರ್ಚು ಒಬ್ಬರಿಗೆ ವರ್ಷಕ್ಕೆ ಕೆಲವೇ ರೂಪಾಯಿ.

ಭಾರತದ ಕತೆ ಶುರುವಾಗೋದು ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ, 1956ರಲ್ಲಿ. ಡಾ. ವಿ. ರಾಮಲಿಂಗಸ್ವಾಮಿ (ಮುಂದೆ ದೆಹಲಿಯ ಏಮ್ಸ್ ನಿರ್ದೇಶಕರು, ಆಮೇಲೆ ಐಸಿಎಂಆರ್ ಮುಖ್ಯಸ್ಥರು) ಮತ್ತು ಸಂಗಡಿಗರು ಒಂದು ಲಕ್ಷಕ್ಕೂ ಹೆಚ್ಚು ಜನರಿದ್ದ ಪ್ರದೇಶವನ್ನ ಮೂರು ಭಾಗ ಮಾಡಿದರು. ಒಂದಕ್ಕೆ ಪೊಟ್ಯಾಸಿಯಂ ಅಯೋಡೈಡ್ ಬೆರೆಸಿದ ಉಪ್ಪು, ಇನ್ನೊಂದಕ್ಕೆ ಪೊಟ್ಯಾಸಿಯಂ ಅಯೋಡೇಟ್ ಬೆರೆಸಿದ್ದು, ಮಧ್ಯದ ಭಾಗಕ್ಕೆ ಬರೀ ಉಪ್ಪು. ಶುರುವಿನಲ್ಲಿ ಎಲ್ಲ ಕಡೆ ಹತ್ತರಲ್ಲಿ ಸುಮಾರು ನಾಲ್ಕು ಜನಕ್ಕೆ ಗಳಗಂಡ ಇತ್ತು. ಆರು ವರ್ಷದಲ್ಲಿ ಅಯೋಡಿನ್ ಸಿಕ್ಕ ಎರಡೂ ಕಡೆ ಅದು ಅರ್ಧಕ್ಕೆ, ಅದಕ್ಕಿಂತ ಕೆಳಕ್ಕೆ ಇಳಿಯಿತು. ಮಧ್ಯದ ಭಾಗದಲ್ಲಿ ಇದ್ದಲ್ಲೇ ಇತ್ತು. ಆಮೇಲೆ ಅವರಿಗೂ ಅಯೋಡಿನ್ ಉಪ್ಪು ಕೊಟ್ಟರು, ಅಲ್ಲೂ ಇಳಿಯಿತು. ಆ ಆರು ವರ್ಷ ಮಧ್ಯದ ಭಾಗದಲ್ಲಿ ಬಸುರಿಯಾಗಿದ್ದ ಹೆಂಗಸರ ಬಗ್ಗೆ ಯೋಚಿಸಿದರೆ ನನಗೆ ಈಗಲೂ ಒಂಥರಾ ಆಗುತ್ತೆ. ಇಂದಿನ ನೈತಿಕ ಸಮಿತಿ ಇದಕ್ಕೆ ಒಪ್ಪಿಗೆ ಕೊಡೋದು ಕಷ್ಟ. ಆದರೆ ಅಯೋಡೇಟ್ ನಮ್ಮ ಸೆಕೆ, ತೇವದ ಹವೆಯಲ್ಲೂ ಉಪ್ಪಿನಲ್ಲಿ ಉಳಿಯುತ್ತೆ, ಉಪ್ಪಿನ ಮೂಲಕ ಗಳಗಂಡ ತಡೆಯಬಹುದು ಅನ್ನೋದು ನಮ್ಮ ನೆಲದಲ್ಲೇ ಸಾಬೀತಾಗಿದ್ದು ಅಲ್ಲಿ.

1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಬಂತು. ಇಪ್ಪತ್ತು ವರ್ಷ ಅದು ಹಿಮಾಲಯದ ಪಟ್ಟಿ ಬಿಟ್ಟು ಆಚೆ ಬರಲೇ ಇಲ್ಲ, ಉತ್ಪಾದನೆಯೂ ಸಾಲಲಿಲ್ಲ. 1980ರ ದಶಕದಲ್ಲಿ ಖಾಸಗಿಯವರಿಗೂ ಅವಕಾಶ ಕೊಟ್ಟು, ಇಡೀ ದೇಶಕ್ಕೆ ಅಯೋಡಿನ್ ಉಪ್ಪು ಅನ್ನೋ ತೀರ್ಮಾನ ಆಯಿತು. 1992ರಲ್ಲಿ ಕಾರ್ಯಕ್ರಮದ ಹೆಸರಿನಿಂದ "ಗಳಗಂಡ" ತೆಗೆದು "ಅಯೋಡಿನ್ ಕೊರತೆಯ ಕಾಯಿಲೆಗಳು" ಅಂತ ಹಾಕಿದರು. ಸರಿಯಾದ ಬದಲಾವಣೆ, ಯಾಕೆಂದರೆ ಪ್ರಶ್ನೆ ಕುತ್ತಿಗೆಯದಲ್ಲ, ಮೆದುಳಿನದು.

ಉಪ್ಪಿನ ರಾಜಕೀಯ

ಈಗ ನಮ್ಮಂಥವರಿಗೆ ತೊಡಕಿನ ಭಾಗ. 1998ರ ಹೊತ್ತಿಗೆ ಅಯೋಡಿನ್ ಇಲ್ಲದ ಉಪ್ಪನ್ನ ತಿನ್ನಲಿಕ್ಕೆ ಅಂತ ಮಾರುವುದನ್ನ ಕೇಂದ್ರ ಸರ್ಕಾರ ಇಡೀ ದೇಶದಲ್ಲಿ ನಿಷೇಧಿಸಿತು. ವಿರೋಧ ಎಲ್ಲ ಕಡೆಯಿಂದ ಬಂತು. ಗಾಂಧಿವಾದಿಗಳು ದಂಡಿಯನ್ನ ನೆನಪಿಸಿದರು, ಸ್ವದೇಶಿ ಸಂಘಟನೆಗಳು ಬಹುರಾಷ್ಟ್ರೀಯ ಕಂಪನಿಗಳ ಪಿತೂರಿ ಅಂದವು, ಸಣ್ಣ ಉತ್ಪಾದಕರು ಹೊಟ್ಟೆಪಾಡಿನ ಮಾತಾಡಿದರು. 2000ನೇ ಇಸವಿಯಲ್ಲಿ ವಾಜಪೇಯಿ ಸರ್ಕಾರ ನಿಷೇಧ ತೆಗೆಯಿತು. ಆರೋಗ್ಯದಂಥ ವಿಷಯವನ್ನ ಬಲವಂತದಿಂದ ಹೇರಬಾರದು, ಜನ ತಾವೇ ಆರಿಸಿಕೊಳ್ಳಲಿ ಅನ್ನೋದು ವಾದ. 2005ರಲ್ಲಿ ಯುಪಿಎ ಸರ್ಕಾರ ಮತ್ತೆ ಅಧಿಸೂಚನೆ ಹೊರಡಿಸಿ, 2006ರ ಮೇ ತಿಂಗಳಿಂದ ನಿಷೇಧ ವಾಪಸ್ ಬಂತು.

ಈ ಎಳೆದಾಟದ ಬೆಲೆ ಏನು? 1998-99ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಸಾಕಷ್ಟು ಅಯೋಡಿನ್ ಇರೋ ಉಪ್ಪು ಬಳಸುತ್ತಿದ್ದ ಮನೆಗಳು ಶೇ. 49. 2005-06ರ ಸಮೀಕ್ಷೆಯಲ್ಲಿ ಶೇ. 51. ಏಳು ವರ್ಷಕ್ಕೆ ಎರಡೇ ಹೆಜ್ಜೆ, ನಡುವೆ ಕುಸಿದು ಎದ್ದದ್ದು ಬೇರೆ. ಆಗ ಹುಟ್ಟಿದ ಮಕ್ಕಳು ಇವತ್ತು ಈ ಲೇಖನ ಓದುತ್ತಿರೋರ ವಯಸ್ಸಿನವರು.

ಕತೆ ಅಲ್ಲಿಗೂ ಮುಗಿಯಲಿಲ್ಲ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಈ ನಿಷೇಧದ ನಿಯಮ ಕಾನೂನುಬಾಹಿರ ಅಂದಿತು. ಕಾರಣ ಕುತೂಹಲಕರ: ಆ ನಿಯಮ ಇದ್ದದ್ದು ಆಹಾರ ಕಲಬೆರಕೆ ತಡೆ ಕಾಯ್ದೆಯಡಿ. ಸಾದಾ ಉಪ್ಪು ಕಲಬೆರಕೆಯೂ ಅಲ್ಲ, ವಿಷವೂ ಅಲ್ಲ. ಕಲಬೆರಕೆ ಕಾಯ್ದೆ ಹಿಡಿದು ಅದನ್ನ ನಿಷೇಧಿಸುವ ಅಧಿಕಾರ ಸರ್ಕಾರಕ್ಕಿಲ್ಲ. ಆದರೆ ಅಯೋಡಿನ್‌ನ ಅಗತ್ಯವನ್ನ ನ್ಯಾಯಾಲಯ ತಳ್ಳಿಹಾಕಲಿಲ್ಲ. ಸಂವಿಧಾನದ 142ನೇ ವಿಧಿ ಬಳಸಿ, ಸರಿಯಾದ ಕಾನೂನು ಮಾಡಿಕೊಳ್ಳಿ ಅಂತ ಸರ್ಕಾರಕ್ಕೆ ಸಮಯ ಕೊಟ್ಟು ಅಲ್ಲಿವರೆಗೆ ನಿಷೇಧ ಮುಂದುವರಿಸಿತು. ಅದೇ ವರ್ಷ ಆಗಸ್ಟಿನಿಂದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ ನಿಯಮಗಳು ಜಾರಿಯಾದವು. ಅವುಗಳ ಪ್ರಕಾರ ಮನುಷ್ಯರು ನೇರವಾಗಿ ತಿನ್ನೋ ಉಪ್ಪು ಅಯೋಡಿನ್ ಬೆರೆಸಿದ್ದೇ ಆಗಿರಬೇಕು. ದನಕರು, ಕೈಗಾರಿಕೆ, ಔಷಧಿ, ಆಹಾರ ಕೆಡದಂತೆ ಇಡೋದಕ್ಕೆ ವಿನಾಯಿತಿ ಇದೆ. ಸಂತೆಯಲ್ಲಿ ಹರಳುಪ್ಪು ರಾಜಾರೋಷವಾಗಿ ಬಿಕರಿಯಾಗೋದು ಈ ವಿನಾಯಿತಿಯ ನೆರಳಲ್ಲಿ. ಕೊಳ್ಳೋರು ಉಪ್ಪಿನಕಾಯಿಗೆ ಕೊಳ್ತಾರೋ ಸಾರಿಗೋ ಅಂತ ಅಂಗಡಿಯವನು ಕೇಳ್ತಾನಾ?

ನನ್ನ ನಿಲುವು ಹೇಳಿಬಿಡ್ತೀನಿ. "ಜನ ಆರಿಸಿಕೊಳ್ಳಲಿ" ಅನ್ನೋ ವಾದ ಕೇಳಲಿಕ್ಕೆ ಚೆಂದ. ಆದರೆ ಆಯ್ಕೆ ಮಾಡೋದು ಯಾರು, ಅದರ ಫಲ ಉಣ್ಣೋದು ಯಾರು? ಹೊಟ್ಟೆಯಲ್ಲಿರೋ ಮಗುವಿಗೆ ಉಪ್ಪು ಆರಿಸೋ ಸ್ವಾತಂತ್ರ್ಯ ಇಲ್ಲ. ಹಾಗಾಗಿ ನಿಷೇಧ ಸರಿ ಅಂತಲೇ ನನ್ನ ವಾದ. ಅದೇ ಉಸಿರಲ್ಲಿ ಇನ್ನೊಂದನ್ನೂ ಹೇಳಬೇಕು. ಈ ನಿಯಮದಿಂದ ಪ್ಯಾಕೆಟ್ ಉಪ್ಪಿನ ದೊಡ್ಡ ಕಂಪನಿಗಳಿಗೆ ಮಾರುಕಟ್ಟೆ ತಟ್ಟೆಯಲ್ಲಿಟ್ಟು ಕೊಟ್ಟಂತಾಯಿತು ಅನ್ನೋದು ಸುಳ್ಳಲ್ಲ. ಅಯೋಡೇಟ್ ಸಿಂಪಡಿಸೋ ಯಂತ್ರ, ಪರೀಕ್ಷೆ ಮಾಡೋ ಲ್ಯಾಬು, ತೇವ ತಡೆಯೋ ಪ್ಯಾಕಿಂಗು ಸಣ್ಣವರಿಗೆ ಹೊರೆ. ಗೋಕರ್ಣದ ಹತ್ತಿರ ಸಾಣಿಕಟ್ಟಾದಲ್ಲಿ ಇವತ್ತಿಗೂ ಗದ್ದೆಯಲ್ಲಿ ಉಪ್ಪು ಬೆಳೆಯುತ್ತಾರೆ. ಅಲ್ಲಿಂದ ಅಷ್ಟೇನೂ ದೂರವಿಲ್ಲದ ಅಂಕೋಲಾದಲ್ಲಿ 1930ರಲ್ಲಿ ಉಪ್ಪಿನ ಕಾನೂನು ಮುರಿದಿದ್ದು. ಅಂಥ ಕಡೆಯ ಉತ್ಪಾದಕರಿಗೆ ಅಯೋಡೇಟ್, ಯಂತ್ರ, ಲ್ಯಾಬು ಸರ್ಕಾರವೇ ಒದಗಿಸಿದರೆ ಎಷ್ಟು ಖರ್ಚಾದೀತು? ಬ್ರಿಟಿಷರ ಉಪ್ಪಿನ ತೆರಿಗೆಗೂ ಅಯೋಡಿನ್ ನಿಯಮಕ್ಕೂ ಹೋಲಿಕೆ ಸರಿಯಲ್ಲ. ಆದರೆ ಸಣ್ಣ ಉತ್ಪಾದಕರ ಸಿಟ್ಟನ್ನ "ಅಜ್ಞಾನ" ಅಂತ ತಳ್ಳಿಹಾಕೋದೂ ಸರಿಯಲ್ಲ.

ಎರಡು ಸಮೀಕ್ಷೆ, ಎರಡು ಸತ್ಯ

2019-21ರ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದ ಶೇ. 94ರಷ್ಟು ಮನೆಗಳಲ್ಲಿ ಅಯೋಡಿನ್ ಉಪ್ಪು ಇದೆ. 2018-19ರ ಭಾರತ ಅಯೋಡಿನ್ ಸಮೀಕ್ಷೆ ಪ್ರಕಾರ ಸಾಕಷ್ಟು ಅಯೋಡಿನ್ ಇರೋ ಉಪ್ಪು ಸಿಗ್ತಿರೋದು ಶೇ. 76.3 ಮನೆಗಳಿಗೆ. ಯಾವುದು ಸುಳ್ಳು? ಎರಡೂ ಅಲ್ಲ. ಮೊದಲನೆಯದು ಮನೆ ಬಾಗಿಲಲ್ಲಿ ಹನಿ ಹಾಕಿ ಬಣ್ಣ ಬರುತ್ತಾ ಅಂತ ನೋಡುವ ಕಿಟ್; ಅಯೋಡಿನ್ ಇದೆಯೋ ಇಲ್ಲವೋ ಅಷ್ಟನ್ನೇ ಹೇಳುತ್ತೆ. ಎರಡನೆಯದು ಲ್ಯಾಬಿನಲ್ಲಿ ಅಳೆದದ್ದು, 15 ಪಿಪಿಎಂ ಮುಟ್ಟಿದೆಯಾ ಅಂತ. ಅಂದರೆ ಒಂದು ಕೆಜಿ ಉಪ್ಪಿಗೆ 15 ಮಿಲಿಗ್ರಾಂ. ಗ್ರಾಹಕರ ಕೈ ಸೇರುವಾಗ ಇರಲೇಬೇಕಾದ ಕನಿಷ್ಠ. ಪ್ಯಾಕೆಟ್ ಮೇಲೆ ಬರೆದಿದ್ದಕ್ಕೂ ಒಳಗಿರೋದಕ್ಕೂ ನಡುವಿನ ಅಂತರ ಈ ಎರಡು ಸಂಖ್ಯೆಗಳ ನಡುವಿನ ಅಂತರ.

ಇನ್ನೂ ಒಂದು ವಿಚಿತ್ರ. ಜಮ್ಮು-ಕಾಶ್ಮೀರದಲ್ಲಿ ಹೆಚ್ಚುಕಮ್ಮಿ ಎಲ್ಲ ಮನೆಗೂ ಸರಿಯಾದ ಉಪ್ಪು ಸಿಗುತ್ತೆ. ಉಪ್ಪು ಬೆಳೆಯೋ ತಮಿಳುನಾಡು ಶೇ. 61.9ರೊಂದಿಗೆ ಕೊನೆಯ ಸ್ಥಾನದಲ್ಲಿತ್ತು. ರಾಜಸ್ಥಾನ, ಆಂಧ್ರ, ಒಡಿಶಾ ಕೂಡ ಹಿಂದೆ. ಉಪ್ಪು ಬೆಳೆಯೋರ ಪಕ್ಕದಲ್ಲಿದ್ದರೆ ಅಯೋಡಿನ್ ಬೆರೆಸದ ಅಗ್ಗದ ಉಪ್ಪು ಲಾರಿಯಲ್ಲೋ ಎತ್ತಿನಗಾಡಿಯಲ್ಲೋ ನೇರ ಊರಿಗೆ ಬರುತ್ತೆ. ರೈಲಿನಲ್ಲಿ ದೂರ ಹೋಗೋ ಉಪ್ಪಿಗೆ ತಪಾಸಣೆ ಇತ್ತು, ರಸ್ತೆಗೆ ಯಾರು ಇದ್ದಾರೆ?

ಇಡೀ ದೇಶದ ಚಿತ್ರ ಕತ್ತಲೆಯಲ್ಲ, ಅದನ್ನೂ ಹೇಳಬೇಕು. ಜನರಲ್ಲಿ ಅಯೋಡಿನ್ ಸಾಕಷ್ಟಿದೆಯಾ ಅಂತ ನೋಡೋದು ಮೂತ್ರ ಪರೀಕ್ಷೆಯಿಂದ. ಮಧ್ಯಮಾಂಕ ಲೀಟರಿಗೆ 100ರಿಂದ 199 ಮೈಕ್ರೋಗ್ರಾಂ ಇದ್ದರೆ ಸಾಕು ಅಂತ ಅರ್ಥ. ಅದೇ 2018-19ರ ಸಮೀಕ್ಷೆಯಲ್ಲಿ ನಮ್ಮ ಹೆಂಗಸರದ್ದು 178 ಬಂತು. ಅರವತ್ತು ವರ್ಷದ ಹಿಂದಿನ ಕಾಂಗ್ರಾ ನೆನೆಸಿಕೊಂಡರೆ ಸಣ್ಣ ಸಾಧನೆಯಲ್ಲ. ಆದರೆ ಬಸುರಿಯರಿಗೆ ಸಾಕು ಅನ್ನಬೇಕಾದರೆ ಕನಿಷ್ಠ 150 ಬೇಕು. ದೇಶದ ಮಧ್ಯಮಾಂಕ ಚೆನ್ನಾಗಿದೆ ಅಂದಮಾತ್ರಕ್ಕೆ ಹರಳುಪ್ಪು ತಿನ್ನೋ ಮನೆಯ ಬಸುರಿಗೆ ಏನೂ ಸಿಗುವುದಿಲ್ಲ.

ಒಂದು ಕಾಲದಲ್ಲಿ ಅನ್ನಭಾಗ್ಯದಡಿ ಪಡಿತರ ಅಂಗಡಿಯಲ್ಲಿ ಎರಡು ರೂಪಾಯಿಗೆ ಕೆಜಿ ಅಯೋಡಿನ್ ಉಪ್ಪು ಕೊಡ್ತಿದ್ರು. ನಿಂತುಹೋಯಿತು. ಅದು ನಿಂತಾಗ ಯಾವ ಪಕ್ಷವೂ ಬೀದಿಗಿಳಿಯಲಿಲ್ಲ. ಅಕ್ಕಿ ಕಾಣುತ್ತೆ, ಅಯೋಡಿನ್ ಕಾಣಲ್ಲ.

ಹಾಗಾದರೆ ಥೈರಾಯ್ಡ್ ಯಾಕೆ ಇಷ್ಟೊಂದು?

ಅಮ್ಮನ ವಿಡಿಯೋದ ಪ್ರಶ್ನೆಗೆ ಬರೋಣ. ಎಲ್ಲರೂ ಅಯೋಡಿನ್ ಉಪ್ಪು ತಿಂತಿದ್ದರೂ ಬೀದಿಗೊಬ್ಬರು ಥೈರಾಯ್ಡ್ ಮಾತ್ರೆ ನುಂಗೋರು ಯಾಕಿದ್ದಾರೆ? ಬೆಂಗಳೂರೂ ಸೇರಿದಂತೆ ಎಂಟು ನಗರಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದೊಡ್ಡವರ ಪೈಕಿ ಶೇ. 10.95 ಮಂದಿಗೆ ಹೈಪೋಥೈರಾಯ್ಡ್ ಇತ್ತು. ಹೆಂಗಸರಲ್ಲಿ ಹೆಚ್ಚು. ಪ್ರಶ್ನೆ ನ್ಯಾಯವಾದದ್ದೇ.

ಇಂದು ನಗರಗಳಲ್ಲಿ ಕಾಣೋ ಹೈಪೋಥೈರಾಯ್ಡಿನ ಬಹುಪಾಲು ಅಯೋಡಿನ್ ಕೊರತೆಯದಲ್ಲ, ಹಶಿಮೋಟೊ ಅನ್ನೋ ಕಾಯಿಲೆ. ದೇಹದ ರೋಗನಿರೋಧಕ ವ್ಯವಸ್ಥೆ ತನ್ನದೇ ಥೈರಾಯ್ಡ್ ಮೇಲೆ ತಿರುಗಿಬೀಳೋದು. ಬಹಳ ಕಾಲ ಅಯೋಡಿನ್ ಇಲ್ಲದ ಜನಸಮೂಹಕ್ಕೆ ಒಮ್ಮೆಗೇ ಅಯೋಡಿನ್ ಸಿಕ್ಕಾಗ ಅಥವಾ ಅಗತ್ಯಕ್ಕಿಂತ ಹೆಚ್ಚು ಸಿಕ್ಕಾಗ ಇಂಥ ಪ್ರಕರಣ ಸ್ವಲ್ಪ ಹೆಚ್ಚಾಗೋದು ನಿಜ. ಚೀನಾದಲ್ಲಿ, ಡೆನ್ಮಾರ್ಕಿನಲ್ಲಿ ಇದನ್ನ ಗಮನಿಸಿ ದಾಖಲಿಸಿದ್ದಾರೆ. ವಿಡಿಯೋದವರು ಹಿಡಿದುಕೊಂಡಿರೋ ಸತ್ಯದ ತುಣುಕು ಇದು. ಅವರು ಹೇಳದೇ ಬಿಡೋದು ಇನ್ನರ್ಧ: ಹಶಿಮೋಟೊಗೆ ದಿನಕ್ಕೊಂದು ಅಗ್ಗದ ಮಾತ್ರೆ ಇದೆ, ಹೊಟ್ಟೆಯಲ್ಲೇ ಕಮರಿದ ಮೆದುಳಿಗೆ ಯಾವ ಮಾತ್ರೆಯೂ ಇಲ್ಲ. ಎರಡನ್ನೂ ತಕ್ಕಡಿಯಲ್ಲಿಟ್ಟು ನೋಡಿಯೇ ದೇಶಗಳು ಅಯೋಡಿನ್ ಕಡೆ ಹೋಗಿದ್ದು. ಅದೂ ಕಣ್ಮುಚ್ಚಿ ಸುರಿಯೋದಲ್ಲ, ಮೂತ್ರದ ಸರ್ವೆ ನೋಡಿಕೊಂಡು ಪ್ರಮಾಣ ಏರಿಸಿ ಇಳಿಸೋದು.

ಥೈರಾಯ್ಡ್ ಮಾತ್ರೆ ತಗೊಳ್ಳೋರು ಅಯೋಡಿನ್ ಉಪ್ಪು ಬಿಡಬೇಕಾ? ಬೇಡ. ಮಾತ್ರೆ ಕೊಡೋದು ತಯಾರಾದ ಹಾರ್ಮೋನನ್ನ. ಉಪ್ಪಿನಷ್ಟು ಅಯೋಡಿನ್‌ನಿಂದ ಅದಕ್ಕೆ ಅಡ್ಡಿಯಿಲ್ಲ. ರೇಡಿಯೋ ಅಯೋಡಿನ್ ಚಿಕಿತ್ಸೆಗೆ ಮುಂಚೆ ಕೆಲವು ದಿನ ಬಿಡಿ ಅಂತ ವೈದ್ಯರೇ ಹೇಳ್ತಾರೆ, ಅದು ಬೇರೆ. ಕೋಸು, ಹೂಕೋಸು, ಮರಗೆಣಸು, ಸಜ್ಜೆಯಲ್ಲಿ ಥೈರಾಯ್ಡಿಗೆ ಅಡ್ಡಗಾಲು ಹಾಕೋ ಅಂಶಗಳಿರೋದು ಹೌದು. ಅವು ತೊಂದರೆ ಕೊಡೋದು ಅಯೋಡಿನ್ ಕೊರತೆ ಇದ್ದು, ದಿನಾ ಅದನ್ನೇ ತಿನ್ನೋರಿಗೆ. ವಾರಕ್ಕೊಂದು ದಿನ ಕೋಸಿನ ಪಲ್ಯ ತಿಂದರೆ ಏನೂ ಆಗಲ್ಲ.

ಇದರ ಇನ್ನೊಂದು ತುದಿ ಇನ್ನೂ ಅಪಾಯದ್ದು. ಆನ್‌ಲೈನಿನಲ್ಲಿ "ಅಯೋಡಿನ್ ಡ್ರಾಪ್ಸ್", ಲ್ಯೂಗಾಲ್ ದ್ರಾವಣ, ಕೆಲ್ಪ್ ಅನ್ನೋ ಸಮುದ್ರಪಾಚಿಯ ಮಾತ್ರೆ ಸಿಗುತ್ತವೆ. ತೂಕ ಇಳಿಸುತ್ತೆ, ಸುಸ್ತು ಹೋಗುತ್ತೆ, ಕ್ಯಾನ್ಸರ್ ಬರಲ್ಲ ಅಂತೆಲ್ಲ ಜಾಹೀರಾತು. ಇದಕ್ಕೆ ಆಧಾರವಿಲ್ಲ. ಅಮೆರಿಕದ ತಜ್ಞರು ಹಾಕಿರೋ ದಿನದ ಗರಿಷ್ಠ ಮಿತಿ 1,100 ಮೈಕ್ರೋಗ್ರಾಂ, ಯುರೋಪಿನವರದ್ದು 600. ಇಂಥ ಡ್ರಾಪ್ಸಿನ ಕೆಲವೇ ಹನಿಯಲ್ಲಿ ಅದು ಹಲವು ಪಟ್ಟು ಮೀರಬಹುದು. ವಿಪರೀತ ಅಯೋಡಿನ್ ಬಂದಾಗ ಥೈರಾಯ್ಡ್ ತಾನೇ ಬಾಗಿಲು ಹಾಕಿಕೊಂಡು ಹಾರ್ಮೋನು ಮಾಡೋದನ್ನ ನಿಲ್ಲಿಸುತ್ತೆ. 1948ರಲ್ಲಿ ಇದನ್ನ ಕಂಡುಹಿಡಿದ ವುಲ್ಫ್ ಮತ್ತು ಚೈಕಾಫ್ ಹೆಸರಲ್ಲೇ ಅದನ್ನ ಕರೀತಾರೆ. ಆರೋಗ್ಯವಾಗಿರೋರಲ್ಲಿ ಕೆಲದಿನದಲ್ಲಿ ಬಾಗಿಲು ಮತ್ತೆ ತೆರೆಯುತ್ತೆ. ಮೊದಲೇ ಸಮಸ್ಯೆ ಇರೋರಲ್ಲಿ ತೆರೆಯದೇ ಹೋಗಬಹುದು. ಇನ್ನು ಕೆಲವರಲ್ಲಿ ಉಲ್ಟಾ, ಗ್ರಂಥಿ ಕೆರಳಿ ಎದೆಬಡಿತ ಏರುತ್ತೆ.

(ಕೈಗಾದಂಥ ಅಣುಸ್ಥಾವರದ ಸುತ್ತಲಿನವರು ಕೇಳಿರಬಹುದಾದ ಪೊಟ್ಯಾಸಿಯಂ ಅಯೋಡೈಡ್ ಮಾತ್ರೆ ಬೇರೆಯೇ ಲೋಕದ್ದು. ಅದರಲ್ಲಿ ದಿನದ ಅಗತ್ಯದ ಆರುನೂರು ಪಟ್ಟಿಗೂ ಹೆಚ್ಚು ಅಯೋಡಿನ್ ಇರುತ್ತೆ. ಅಪಘಾತದಲ್ಲಿ ವಿಕಿರಣದ ಅಯೋಡಿನ್ ಗ್ರಂಥಿಯೊಳಗೆ ಸೇರದಂತೆ ಮೊದಲೇ ಜಾಗ ತುಂಬಿಬಿಡೋ ಉಪಾಯ. 1986ರಲ್ಲಿ ಚೆರ್ನೋಬಿಲ್ ಸಿಡಿದಾಗ ಪೋಲೆಂಡ್ ಒಂದು ಕೋಟಿಗೂ ಹೆಚ್ಚು ಮಕ್ಕಳಿಗೆ ಇಂಥ ಡೋಸು ಕೊಟ್ಟಿತ್ತು. ಆದೇಶ ಬಂದಾಗ ಮಾತ್ರ ನುಂಗೋದು.)

ಬಸುರಿಗೆ ಮಾತ್ರೆ ಬೇಕಾ?

ಉಪ್ಪಿನ ಲೆಕ್ಕ ಮತ್ತೊಮ್ಮೆ. ಕನಿಷ್ಠ ಮಟ್ಟವಾದ 15 ಪಿಪಿಎಂ ಉಪ್ಪು 10 ಗ್ರಾಂ ತಿಂದರೆ 150 ಮೈಕ್ರೋಗ್ರಾಂ ಸಿಗುತ್ತೆ. ಬಿಪಿ ಭಯಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಹಾಗೆ 5 ಗ್ರಾಂಗೆ ಇಳಿಸಿದರೆ ಸಿಗೋದು 75. ಅಡುಗೆಯಲ್ಲಿ ಕುದಿಸುವಾಗ ಇನ್ನಷ್ಟು ಹೋಗುತ್ತೆ. ಅದಕ್ಕೆ ಉಪ್ಪು ಜಾಸ್ತಿ ತಿನ್ನಿ ಅಂತಲ್ಲ. ಜನ ಉಪ್ಪು ಕಮ್ಮಿ ಮಾಡಿದಂತೆ ಉಪ್ಪಿನಲ್ಲಿರೋ ಅಯೋಡಿನ್ ಪ್ರಮಾಣ ಹೆಚ್ಚಿಸಬೇಕು, ಅದು ಸರ್ಕಾರದ ಕೆಲಸ. ಬೇಕರಿ, ಚಿಪ್ಸ್, ಹೋಟೆಲಿಗೆ ಹೋಗೋ ಉಪ್ಪಿನ ಮೇಲೂ ನಿಗಾ ಇರಬೇಕು.

ಬಸುರಿಗೆ 250 ಬೇಕು ಅಂದೆನಲ್ಲ. ಸರಿಯಾದ ಅಯೋಡಿನ್ ಉಪ್ಪು ಶೇ. 90ರಷ್ಟು ಮನೆಗಳಿಗೆ ತಲುಪಿರೋ ಕಡೆ ಬಸುರಿಯರಿಗೆ ಪ್ರತ್ಯೇಕ ಮಾತ್ರೆ ಬೇಕಿಲ್ಲ, ತಲುಪದ ಕಡೆ ಯೋಚಿಸಬೇಕು ಅನ್ನೋದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ನಿಲುವು. ಅಮೆರಿಕದ ಥೈರಾಯ್ಡ್ ತಜ್ಞರ ಸಂಘ ಬಸುರಿ, ಬಾಣಂತಿಯರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಇರೋ ಮಾತ್ರೆ ಶಿಫಾರಸು ಮಾಡುತ್ತೆ. ನಮ್ಮಲ್ಲಿ ಅಂಗನವಾಡಿ, ಆಸ್ಪತ್ರೆಯಲ್ಲಿ ಕೊಡೋ ಕೆಂಪು ಮಾತ್ರೆಯಲ್ಲಿರೋದು ಕಬ್ಬಿಣ ಮತ್ತು ಫೋಲಿಕ್ ಆಮ್ಲ. ಅಯೋಡಿನ್ ಇಲ್ಲ. ಬಸುರಿಯಾದ ಮೊದಲ ಭೇಟಿಯಲ್ಲೇ ಟಿಎಸ್‌ಎಚ್ ನೋಡೋದು, "ಮನೆಯಲ್ಲಿ ಯಾವ ಉಪ್ಪು?" ಅಂತ ಒಂದು ಪ್ರಶ್ನೆ ಕೇಳೋದು ದೊಡ್ಡ ಖರ್ಚಿನ ಮಾತೇನಲ್ಲ. ಅಕ್ಕ ಹೋಗುತ್ತಿದ್ದ ಆಸ್ಪತ್ರೆಯಲ್ಲಿ ಸ್ಕ್ಯಾನಿಂಗಿಗೆ ಮೂರು ಸಲ ದುಡ್ಡು ಕಟ್ಟಿಸಿಕೊಂಡಿದ್ದರು, ಆ ಪ್ರಶ್ನೆ ಒಂದು ಸಲವೂ ಕೇಳಿರಲಿಲ್ಲ.

ಊರಿಗೆ ವಾಪಸ್ ಬರೋಣ. ಮಾರನೇ ದಿನ ನಮ್ಮೂರಿನ ಆಶಾ ಕಾರ್ಯಕರ್ತೆಯನ್ನ ಕರೆದೆ. ಅವರ ಬ್ಯಾಗಿನಲ್ಲಿ ಉಪ್ಪು ಪರೀಕ್ಷೆಯ ಕಿಟ್ ಇತ್ತು. ಕೊರತೆ ಇರೋ ಜಿಲ್ಲೆಗಳಲ್ಲಿ ತಿಂಗಳಿಗೆ 50 ಮನೆಯ ಉಪ್ಪು ಪರೀಕ್ಷೆ ಮಾಡಿದರೆ ಆಶಾಗಳಿಗೆ ಸಿಗೋ ಪ್ರೋತ್ಸಾಹಧನ 25 ರೂಪಾಯಿ. ಒಂದು ಮನೆಗೆ ಐವತ್ತು ಪೈಸೆ. ದೇಶದ ಮಕ್ಕಳ ಮೆದುಳು ಕಾಯೋ ಕೆಲಸಕ್ಕೆ ನಾವು ಕಟ್ಟಿರೋ ಬೆಲೆ ಅದು. 2025ರ ಜನವರಿ ಚಳಿಯಲ್ಲಿ ಫ್ರೀಡಂ ಪಾರ್ಕಿನಲ್ಲಿ ಗೌರವಧನಕ್ಕಾಗಿ ಕೂತಿದ್ದು ಇದೇ ಹೆಂಗಸರು. "ಐವತ್ತು ಪೈಸೆಗೆ ಈಗ ಏನ್ ಬರುತ್ತೆ ಹೇಳಿ ಮೇಡಂ, ಚಲಾವಣೆನೇ ಇಲ್ಲ" ಅಂತ ನಕ್ಕರು ಅವರು.

ಮೂರು ತಟ್ಟೆ ಇಟ್ಟೆವು. ಅಮ್ಮನ ಹರಳುಪ್ಪು ಕುಟ್ಟಿ ಪುಡಿ ಮಾಡಿದ್ದು, ಅಕ್ಕನ ಬ್ಯಾಗಿನಲ್ಲಿದ್ದ ಪಿಂಕ್ ಸಾಲ್ಟ್, ಪಕ್ಕದ ಮನೆಯಿಂದ ತಂದ ಪ್ಯಾಕೆಟ್ ಉಪ್ಪು. ಒಂದೊಂದು ಹನಿ. ಮೊದಲ ಎರಡರಲ್ಲಿ ಒದ್ದೆಯಾದ ಗುರುತು ಬಿಟ್ಟು ಏನೂ ಇಲ್ಲ. ಇನ್ನೊಂದು ಬಾಟಲಿಯ ಹನಿ ಹಾಕಿ ಮತ್ತೆ ನೋಡಿದರು, ಆಗಲೂ ಇಲ್ಲ. ಮೂರನೆಯದು ಕ್ಷಣದಲ್ಲಿ ಕಡುನೇರಳೆಗೆ ತಿರುಗಿತು. ಅಕ್ಕ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಫೋನ್ ತೆಗೆದು ದಿನ ಎಣಿಸತೊಡಗಿದಳು, ಹನ್ನೆರಡು ವಾರ, ಹದಿಮೂರು ವಾರ ಅಂತ. ವಾರದೊಳಗೆ ರಕ್ತ ಪರೀಕ್ಷೆ ಮಾಡಿಸಿದೆವು, ಟಿಎಸ್‌ಎಚ್ ಮಿತಿಯೊಳಗೇ ಇತ್ತು. ಬೆಂಗಳೂರಿನಲ್ಲಿ ಆಫೀಸ್ ಕ್ಯಾಂಟೀನ್ ಊಟ, ಹೋಟೆಲು, ಹಾಲು, ಮೊಟ್ಟೆ ಅವಳನ್ನ ಕಾಪಾಡಿರಬೇಕು ಅಂತ ಡಾಕ್ಟರು ಅಂದಾಜಿಸಿದರು. ಮನೆ ಊಟ ಬಿಟ್ಟು ಬೇರೇನೂ ತಿನ್ನದ, ಊರಲ್ಲೇ ಇರೋ ಹೆಂಗಸಿಗೆ ಆ ರಕ್ಷಣೆ ಇಲ್ಲ.

ಅಂದೇ ಸಂಜೆ ಅಮ್ಮ ಅಂಗಡಿಗೆ ಹೇಳಿ ಎರಡು ಪ್ಯಾಕೆಟ್ ಉಪ್ಪು ತರಿಸಿದರು. ಗಾಳಿ, ತೇವ ತಾಗದ ಮುಚ್ಚಳದ ಡಬ್ಬಿಗೆ ಹಾಕಿ, ಒಲೆಯಿಂದ ದೂರ ಇಟ್ಟರು. ಸಾರು ಕುದಿದು ಇಳಿಸೋ ಹೊತ್ತಿಗೆ ಉಪ್ಪು ಹಾಕಿದರೆ ಅಯೋಡಿನ್ ಹೆಚ್ಚು ಉಳಿಯುತ್ತೆ ಅಂತ ಆಶಾ ಹೇಳಿದ್ದನ್ನ ಎರಡು ಸಲ ಕೇಳಿ ಖಚಿತ ಮಾಡಿಕೊಂಡರು. ಹರಳುಪ್ಪಿನ ಡಬ್ಬಿ ಅಟ್ಟಕ್ಕೆ ಹೋಯಿತು, ಮಾವಿನಮಿಡಿ ಬಂದಾಗ ಉಪ್ಪಿನಕಾಯಿಗೆ ಬೇಕಲ್ಲ ಅಂತ.